ಮಾಲ್ಡೀವ್ಸ್‌ನಲ್ಲಿರುವ ನಮ್ಮವರಿಗೆ: ಆ ಮಕ್ಕಳ ರಿಪೋರ್ಟನ್ನು ‘ಇಲ್ಲಿ ಇದೆಲ್ಲ ಮಾಮೂಲಿ’ ಅಂತ ಮಡಚಿಡಬೇಡಿ

ಮಾಲ್ಡೀವ್ಸ್ ದ್ವೀಪಗಳಲ್ಲಿ ದುಡಿಯುತ್ತಿರುವ ಕನ್ನಡದ ನರ್ಸ್‌ಗಳೇ, ಲ್ಯಾಬಿನವರೇ, ಡಾಕ್ಟರೇ, ಮೇಷ್ಟ್ರೇ, ಟೀಚರಮ್ಮಂದಿರೇ,

ನಮಸ್ಕಾರ. ನಾನೂ ಒಂದು ಕಾಲದಲ್ಲಿ ಅಲ್ಲಿನ ಸಣ್ಣ ದ್ವೀಪವೊಂದರ ಹೆಲ್ತ್ ಸೆಂಟರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಈಗ ಊರಿಗೆ ವಾಪಸ್ ಬಂದು ಉಡುಪಿ ಕಡೆ ಇದೇ ಕೆಲಸ ಮಾಡುತ್ತಿದ್ದೇನೆ. ಈ ಪತ್ರವನ್ನು ಅಲ್ಲಿನ ಆರೋಗ್ಯ ಮಂತ್ರಿಗೇ ಬರೆಯಬಹುದಿತ್ತು. ಆದರೆ ಅವರಿಗೆ ಅಲ್ಲಿನ ಭಾಷೆ ದಿವೇಹಿಯಲ್ಲಿ, ಇಂಗ್ಲಿಷಿನಲ್ಲಿ ಬರೆದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಗುವಿನ ಬೆರಳಿಗೆ ಸೂಜಿ ಚುಚ್ಚುವವರು, ರಿಪೋರ್ಟ್ ಬರೆಯುವವರು, ಕ್ಲಾಸಿನಲ್ಲಿ ಆ ಮಗುವನ್ನು ಅರ್ಧ ದಿನ ಎದುರಿಗೆ ಕೂರಿಸಿಕೊಳ್ಳುವವರು ಎಷ್ಟೋ ದ್ವೀಪಗಳಲ್ಲಿ ನಮ್ಮ ದೇಶದವರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಅಲ್ಲಿನ ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಮಾಲ್ಡೀವ್ಸ್ ಸರ್ಕಾರವೇ 2016–17ರಲ್ಲಿ ಮಾಡಿದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 50. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 63. ಒಂದು ಊರಿನಲ್ಲೋ ದೇಶದಲ್ಲೋ ಇದು ಶೇಕಡಾ 40 ದಾಟಿದರೆ ಅದನ್ನು ತೀವ್ರ ಸಮಸ್ಯೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಕ್ಕೆ ಹಿಡಿಯುತ್ತದೆ.

ಇವರು ಊರು ಬಿಟ್ಟು ಬೇರೆಯವರಿಗೆ ಬುದ್ಧಿ ಹೇಳಲು ಹೊರಟರಾ ಅಂತ ನಿಮಗೆ ಅನ್ನಿಸಬಹುದು. ನ್ಯಾಯವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದೇ ವಯಸ್ಸಿನ ಮಕ್ಕಳ ಲೆಕ್ಕ ಕರ್ನಾಟಕದಲ್ಲಿ ಶೇಕಡಾ 65.5. ನಮ್ಮದು ಅವರಿಗಿಂತ ಕೆಟ್ಟದಾಗಿದೆ. ಹಾಗಾಗಿ ನಾವು ದೊಡ್ಡವರು, ಅವರು ಸಣ್ಣವರು ಅನ್ನೋ ಮಾತು ಇಲ್ಲಿಲ್ಲ. ಆದರೆ ಆ ದೇಶದ ಸ್ಥಿತಿ ಬೇರೆ. ಅಲ್ಲಿ ಇದನ್ನು ಸರಿ ಮಾಡಲು ಬೇಕಾದ್ದೆಲ್ಲ ಹೆಚ್ಚುಕಮ್ಮಿ ಕೈಯಲ್ಲೇ ಇದೆ. ನನಗೆ ಸಿಟ್ಟು ಬರುವುದೂ ಅದಕ್ಕೇ.

ನೋಡಿ, ಸುಮಾರು 1,200 ದ್ವೀಪಗಳ ದೇಶ. ಜನ ವಾಸ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. 2022ರ ಜನಗಣತಿ ಪ್ರಕಾರ ಐದು ಲಕ್ಷ ಚಿಲ್ಲರೆ ಜನ, ಅದರಲ್ಲಿ ನಮ್ಮಂಥ ಹೊರಗಿನವರೂ ಸೇರಿದ್ದಾರೆ. ಅಂದರೆ ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲ. ಜನ ಇರುವ ದ್ವೀಪಗಳಲ್ಲಿ ಹೆಲ್ತ್ ಸೆಂಟರ್ ಇದೆ. 2012ರಿಂದ ಆಸಂಧ ಅನ್ನೋ ಸರ್ಕಾರಿ ವಿಮೆ ಇದೆ, ಅಲ್ಲಿನ ಪ್ರಜೆಗಳೆಲ್ಲ ಅದರಲ್ಲಿ ಬರುತ್ತಾರೆ. ಆನೆಕಾಲು ರೋಗ ಹೋಗಿದೆ. ದಡಾರ ಹೋಗಿದೆ. 2015ರಲ್ಲಿ ಮಲೇರಿಯಾ ಮುಕ್ತ ದೇಶ ಅಂತ ಸರ್ಟಿಫಿಕೇಟ್ ಸಿಕ್ಕಿದೆ, ನಮ್ಮ ಭಾಗದಲ್ಲಿ ಅದು ಮೊದಲು ಸಿಕ್ಕಿದ್ದೇ ಅವರಿಗೆ. ಹಾಗಾಗಿ ಆಫ್ರಿಕಾದ ಕೆಲವು ಕಡೆ ಹೇಳುವ ಹಾಗೆ ‘ಮಲೇರಿಯಾ ರಕ್ತ ತಿಂತಾ ಇದೆ’ ಅಂತ ಇಲ್ಲಿ ಹೇಳುವಂತಿಲ್ಲ. ಸುತ್ತ ಸಮುದ್ರ, ಕೈತುಂಬ ಮೀನು. ಮತ್ತೆ ಯಾಕೆ ಅರ್ಧ ಮಕ್ಕಳ ರಕ್ತ ಕಮ್ಮಿ?

ಅಲ್ಲಿಗೆ ಹೋದ ಹೊಸದರಲ್ಲಿ ನಾನೂ ಹೀಗೇ ಕೇಳಿದ್ದೆ. ನಮ್ಮವರೇ ಒಬ್ಬರು ಹಿರಿಯರು ಸಲೀಸಾಗಿ ಉತ್ತರ ಕೊಟ್ಟರು. “ತಲಸ್ಸೀಮಿಯಾ ಕಣ್ರೀ. ಇಲ್ಲಿ ಎಲ್ಲರಿಗೂ ಇರುತ್ತೆ. ತಲೆ ಕೆಡಿಸ್ಕೋಬೇಡಿ.”

ಈ ಉತ್ತರದ ಬಗ್ಗೆಯೇ ನಾನು ಜಗಳ ಆಡಬೇಕಿರುವುದು.

ತಲಸ್ಸೀಮಿಯಾ ಅಂದರೆ ಅಪ್ಪ ಅಮ್ಮನಿಂದ ಜೀನಿನಲ್ಲಿ ಬರುವ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರಕ್ತದ ತೊಂದರೆ. ಅದು ಅಲ್ಲಿ ನಿಜವಾಗಿಯೂ ಜಾಸ್ತಿ. ಬೀಟಾ ಅನ್ನೋ ಬಗೆಯ ತಲಸ್ಸೀಮಿಯಾದ ವಾಹಕರು, ಅಂದರೆ ಆ ಜೀನ್ ಒಂದನ್ನು ಹೊತ್ತೂ ದೊಡ್ಡ ಕಾಯಿಲೆ ಇಲ್ಲದವರು, ನೂರಕ್ಕೆ 16ರಿಂದ 18 ಜನ. ಜಗತ್ತಿನಲ್ಲೇ ದೊಡ್ಡ ಲೆಕ್ಕಗಳಲ್ಲಿ ಇದೊಂದು. ಹಿಂದೆ ಮಲೇರಿಯಾ ಇದ್ದಾಗ ಈ ವಾಹಕರು ಅದರಿಂದ ಸ್ವಲ್ಪ ಬಚಾವಾಗುತ್ತಿದ್ದರು. ಮಲೇರಿಯಾ ಹೋಯಿತು, ಜೀನ್ ಉಳಿಯಿತು. ಆ ದೇಶ ಇದನ್ನು ನಿಭಾಯಿಸಿದ ರೀತಿಗೆ ನಾನು ಕೈ ಮುಗಿಯುತ್ತೇನೆ. 1992ರಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ದ್ವೀಪ ದ್ವೀಪಕ್ಕೂ ಹೋಗಿ ರಕ್ತ ಪರೀಕ್ಷೆ ಶುರು ಮಾಡಿತು. 1994ರಲ್ಲಿ ರಾಜಧಾನಿ ಮಾಲೆಯಲ್ಲಿ ರಾಷ್ಟ್ರೀಯ ತಲಸ್ಸೀಮಿಯಾ ಕೇಂದ್ರ ಬಂತು. ಲಕ್ಷಕ್ಕೂ ಹೆಚ್ಚು ಜನರ ರಕ್ತ ನೋಡಿದರು. 2012ರಲ್ಲಿ ಕಾನೂನೇ ಮಾಡಿ ಮದುವೆಗೆ ಮುಂಚೆ ಪರೀಕ್ಷೆ ಕಡ್ಡಾಯ ಮಾಡಿದರು. ಕಾಯಿಲೆ ಹೊತ್ತು ಹುಟ್ಟುವ ಮಕ್ಕಳು ಕಡಿಮೆಯಾದರು. ಇಷ್ಟು ಚದುರಿದ ದೇಶದಲ್ಲಿ ಇದು ಸಣ್ಣ ಕೆಲಸ ಅಲ್ಲ.

ಆದರೆ ಈಗ ಲೆಕ್ಕ ಹಾಕಿ. ನೂರು ಮಕ್ಕಳಲ್ಲಿ ರಕ್ತ ಕಮ್ಮಿ ಇರುವವರು 50. ವಾಹಕರು ಹೆಚ್ಚೆಂದರೆ 18. ಆ ಹದಿನೆಂಟೂ ಮಕ್ಕಳಿಗೆ ರಕ್ತಹೀನತೆ ಇದೆ ಅಂತಲೇ ಇಟ್ಟುಕೊಳ್ಳೋಣ. ಹಾಗೇನೂ ಇರುವುದಿಲ್ಲ, ಆದರೂ ಇಟ್ಟುಕೊಳ್ಳೋಣ. ಆಗಲೂ 32 ಮಕ್ಕಳು ಉಳಿದರು. ಅವರದ್ದು ಏನು? ರಕ್ತ ಕಮ್ಮಿಯಾಗಲು ಊಟದ ಕಬ್ಬಿಣದ ಕೊರತೆಯೂ ಕಾರಣ ಆಗುತ್ತದಲ್ಲ. ಜೊತೆಗೆ, ಆ 18 ಮಕ್ಕಳಿಗೂ ಕಬ್ಬಿಣದ ಕೊರತೆ ಬರಬಾರದು ಅಂತ ಎಲ್ಲಾದರೂ ಬರೆದಿದೆಯಾ? ವಾಹಕ ಮಗುವಿಗೂ ಎಲ್ಲ ಮಕ್ಕಳ ಹಾಗೆ ಕಬ್ಬಿಣ ಬೇಕು. ಕೊರತೆ ಇದ್ದರೆ ಕೊಡಬೇಕು. ತಿಂಗಳು ತಿಂಗಳೂ ರಕ್ತ ಹಾಕಿಸಿಕೊಳ್ಳುವ ತಲಸ್ಸೀಮಿಯಾ ಮೇಜರ್ ಮಕ್ಕಳ ಕಥೆ ಬೇರೆ. ಅವರ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ, ಅವರಿಗೆ ಮೇಲಿಂದ ಕೊಡಬಾರದು. ಈ ಎರಡನ್ನು ಕಲಸಿಬಿಟ್ಟದ್ದರಿಂದಲೇ ಎಷ್ಟೋ ಅಮ್ಮಂದಿರು ಐರನ್ ಸಿರಪ್ ಬಾಟಲಿ ನೋಡಿದರೆ ಹೆದರುತ್ತಾರೆ.

ಲ್ಯಾಬಿನ ಗೆಳೆಯರೇ, ಈ ಭಾಗ ನಿಮಗೆ. ನಿಮ್ಮ ಮುಂದೆ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಲೆಕ್ಕದ ಚೀಟಿ ಬಂದಿದೆ. ಹಿಮೋಗ್ಲೋಬಿನ್ 9.6 ಗ್ರಾಂ, ಕಮ್ಮಿಯೇ. ರಕ್ತಕಣದ ಗಾತ್ರ, ಅದೇ ಎಂಸಿವಿ, ಕಮ್ಮಿ. ಇಲ್ಲಿಗೇ ನಿಲ್ಲಿಸಿದರೆ ಅದು ತಲಸ್ಸೀಮಿಯಾ ಟ್ರೇಟೂ (ಅಂದರೆ ಬರೀ ವಾಹಕ ಆಗಿರುವುದು) ಆಗಬಹುದು, ಕಬ್ಬಿಣದ ಕೊರತೆಯೂ ಆಗಬಹುದು. ಇನ್ನೊಂದು ಸಾಲು ಕೆಳಗೆ ಬನ್ನಿ. ಆರ್‌ಬಿಸಿ, ಅಂದರೆ ಕೆಂಪು ರಕ್ತಕಣಗಳ ಎಣಿಕೆ, ಎಷ್ಟಿದೆ ನೋಡಿ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ. ಎಂಸಿವಿ 62, ಆರ್‌ಬಿಸಿ 5.6 ಆಗಿದ್ದರೆ ಉತ್ತರ 11. ಹದಿಮೂರಕ್ಕಿಂತ ಕಮ್ಮಿ, ಟ್ರೇಟ್ ಕಡೆ ವಾಲುತ್ತಿದೆ. ಎಂಸಿವಿ 66, ಆರ್‌ಬಿಸಿ 4.1 ಆಗಿದ್ದರೆ ಉತ್ತರ 16. ಇದು ಕಬ್ಬಿಣದ ಕೊರತೆ ಕಡೆ. ಆರ್‌ಡಿಡಬ್ಲ್ಯೂ, ಅಂದರೆ ರಕ್ತಕಣಗಳ ಗಾತ್ರದಲ್ಲಿನ ಏರುಪೇರು, ಜಾಸ್ತಿ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಇದಕ್ಕೆ ಹೊಸ ಮಿಷಿನ್ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಇದೇ ಕೊನೆಯ ಮಾತು ಅಂತ ನಾನು ಹೇಳುತ್ತಿಲ್ಲ. ಎರಡೂ ಒಟ್ಟಿಗೆ ಇರುವ ಮಗುವಿನಲ್ಲಿ ಈ ಭಾಗಾಕಾರ ದಾರಿ ತಪ್ಪಿಸುತ್ತದೆ. ಆದರೆ ಡಾಕ್ಟರ ಟೇಬಲ್ಲಿಗೆ ಹೋಗುವ ಚೀಟಿಯಲ್ಲಿ ಆ ಒಂದು ನಂಬರ್ ಬರೆದು ಕಳಿಸಿದರೆ ಅವರು ಎರಡು ಸೆಕೆಂಡ್ ಜಾಸ್ತಿ ನೋಡುತ್ತಾರೆ.

ಇನ್ನೂ ಒಂದು ಸಂಗತಿ ಇದೆ. ತಲಸ್ಸೀಮಿಯಾ ಪತ್ತೆಗೆ ನೋಡುವ ಹಿಮೋಗ್ಲೋಬಿನ್ ಎ2 ಇದೆಯಲ್ಲ, ಕಬ್ಬಿಣದ ಕೊರತೆ ಇದ್ದಾಗ ಅದು ಕೆಳಗೆ ಇಳಿಯಬಹುದು. ಟ್ರೇಟ್ ಇದ್ದರೂ ರಿಪೋರ್ಟ್ ನಾರ್ಮಲ್ ಅಂತ ಬಂದುಬಿಡಬಹುದು. ತೀರಾ ಎಳೆ ಮಕ್ಕಳಲ್ಲಂತೂ ಎ2 ಇನ್ನೂ ಪೂರ್ತಿ ಏರಿರುವುದೇ ಇಲ್ಲ. ಅಂದರೆ, ತಲಸ್ಸೀಮಿಯಾವನ್ನು ಸರಿಯಾಗಿ ಹಿಡಿಯಬೇಕು ಅಂದರೂ ಮೊದಲು ಕಬ್ಬಿಣ ಸರಿ ಮಾಡಬೇಕು. ತಲಸ್ಸೀಮಿಯಾ ಕಡೆ ಬೆರಳು ತೋರಿಸಿ ಕಬ್ಬಿಣವನ್ನು ಬಿಡುವವರಿಗೆ ಇದನ್ನು ಹೇಳಿ.

ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್ ಪರೀಕ್ಷೆ ಮಾಡಿಸಲು ಸ್ಯಾಂಪಲ್ ಬೋಟಿನಲ್ಲಿ ಹೋಗಬೇಕು, ಗಾಳಿ ಜೋರಿದ್ದರೆ ಬೋಟ್ ಇಲ್ಲ. ಗೊತ್ತು. ಹೋಗಿ ಬಂದ ಮೇಲೂ ಮಗುವಿಗೆ ಆವತ್ತು ಜ್ವರ ಇದ್ದರೆ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಹಾಗಾಗಿ ಜ್ವರ, ನೆಗಡಿ ಇಳಿದ ಮೇಲೆ ತೆಗೆಯಿರಿ.

ಬೆರಳು ಚುಚ್ಚಿ ನೋಡುವ ಸಣ್ಣ ಮಿಷಿನ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಮಗು ಅಳುತ್ತಿರುತ್ತದೆ, ಕೈ ಎಳೆಯುತ್ತಿರುತ್ತದೆ, ಅಮ್ಮನೂ ಅಳುವ ಹಾಗಿರುತ್ತಾಳೆ. ನಾವು ಬೇಗ ಮುಗಿಸಲಿಕ್ಕೆ ಬೆರಳನ್ನು ಹಿಂಡುತ್ತೇವೆ. ಹಿಂಡಿದರೆ ರಕ್ತದ ಜೊತೆ ಒಳಗಿನ ನೀರೂ ಬರುತ್ತದೆ. ಹಿಮೋಗ್ಲೋಬಿನ್ ಇರುವುದಕ್ಕಿಂತ ಕಮ್ಮಿ ಕಾಣುತ್ತದೆ. ಮೊದಲ ಹನಿ ಒರೆಸಿ ಬಿಡಿ, ಕೈ ಬೆಚ್ಚಗೆ ಮಾಡಿ, ಹನಿ ತಾನಾಗಿ ಉಬ್ಬಿ ಬರಲಿ. ವರ್ಷದೊಳಗಿನ ಮಗುವಾದರೆ ಹಿಮ್ಮಡಿ ವಾಸಿ. ಮತ್ತೆ ರಕ್ತದ ಹನಿ ಹಿಡಿಯುವ ಆ ಪುಟ್ಟ ಕ್ಯುವೆಟ್‌ಗಳ ಡಬ್ಬಿಯ ಮುಚ್ಚಳ! ದ್ವೀಪದ ಹವೆಗೆ ಉಪ್ಪೇ ನೀರಾಗುತ್ತೆ, ಅಂಥದ್ದರಲ್ಲಿ ಮುಚ್ಚಳ ತೆರೆದಿಟ್ಟು ಇಡೀ ಕ್ಯಾಂಪ್ ಮಾಡಿದರೆ ಕೊನೆಯ ಇಪ್ಪತ್ತು ಮಕ್ಕಳ ನಂಬರ್ ದೇವರಿಗೇ ಪ್ರೀತಿ. ಡಬ್ಬಿ ತೆರೆದ ತಾರೀಖನ್ನು ಮೇಲೆ ಬರೆದಿಡಿ.

ಈಗ ಊಟದ ವಿಷಯ. ನಾನು ಕರಾವಳಿಯವಳು, ಮೀನು ತಿಂದು ಬೆಳೆದವಳು. ಅಲ್ಲಿಯ ಊಟ ನನಗೆ ಬಹಳ ಇಷ್ಟ. ಬೆಳಿಗ್ಗೆ ಮಸ್ ಹುನಿ. ಟ್ಯೂನಾ, ನಮ್ಮ ಕಡೆ ಕೇದರ ಅಂತೇವಲ್ಲ, ಅದರ ಜೊತೆ ತೆಂಗಿನಕಾಯಿ ತುರಿ, ಈರುಳ್ಳಿ, ಮೆಣಸು, ನಿಂಬೆ ಹಾಕಿ ಕಿವುಚಿ ರೊಶಿ (ಚಪಾತಿಯಂಥ ರೊಟ್ಟಿ) ಜೊತೆ ತಿನ್ನುವುದು. ಮಧ್ಯಾಹ್ನ ಗರುಡಿಯಾ, ಅಂದರೆ ಮೀನು ಬೇಯಿಸಿದ ತಿಳಿ. ಅದೇ ತಿಳಿಯನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿದರೆ ರಿಹಾಕುರು. ಎಷ್ಟೊಂದು ಮೀನು ಅಲ್ವಾ? ಆದರೆ ನಾನು ಹೋಗಿ ಬಂದು ಮಾಡಿದ ಮನೆಗಳಲ್ಲಿ ಎಂಟು ತಿಂಗಳ ಮಗುವಿನ ಬಟ್ಟಲಲ್ಲಿ ಏನಿತ್ತು ಅಂತ ಕೇಳಿ. ಮೆತ್ತಗೆ ಹಿಸುಕಿದ ಅನ್ನ, ಅದರ ಮೇಲೆ ಗರುಡಿಯಾದ ತಿಳಿ. ಮೀನಿನ ತುಂಡು ಅಪ್ಪನ ತಟ್ಟೆಯಲ್ಲಿ. ಮುಳ್ಳು ಸಿಕ್ಕಿಕೊಂಡರೆ ಅಂತ ಭಯ, ಮಗುವಿಗೆ ಅರಗಲ್ಲ ಅಂತ ಅಜ್ಜಿಯ ಮಾತು. ತಿಳಿಯಲ್ಲಿ ಪರಿಮಳ ಇದೆ, ಉಪ್ಪಿದೆ. ಕಬ್ಬಿಣ ಇರುವುದು ತುಂಡಿನಲ್ಲಿ. ಅದರಲ್ಲೂ ಮುಳ್ಳಿನ ಪಕ್ಕದ ಕೆಂಗಪ್ಪು ಮಾಂಸದಲ್ಲಿ. ಅದನ್ನು ಬೆರಳಲ್ಲಿ ಹಿಸುಕಿ, ಮುಳ್ಳು ನೋಡಿ, ಅನ್ನದಲ್ಲಿ ಕಲಸಿ ಕೊಡಬೇಕು.

ಸಂಜೆ ಹೆದಿಕಾ, ಅಂದರೆ ಕುರುಕಲು ತಿಂಡಿ, ಅದರ ಜೊತೆ ಚಹಾ. ದೊಡ್ಡವರ ಲೋಟದಿಂದ ಎರಡು ವರ್ಷದ ಮಗುವೂ ಹೀರುತ್ತದೆ. ಸಕ್ಕರೆ ಹಾಕಿದ ಕಪ್ಪು ಚಹಾ. ನಮ್ಮಲ್ಲೂ ಮಗುವಿನ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಕೊಡೋದಿಲ್ವಾ, ಹಾಗೇ. ಚಹಾದ ಒಗರು ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಚಹಾ ಬಿಡಿಸಲು ಹೋದರೆ ಆ ದ್ವೀಪದಲ್ಲಿ ನಿಮ್ಮನ್ನು ಯಾರೂ ಮನೆಗೆ ಕರೆಯಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ, ಮಗುವಿಗೆ ಮಾತ್ರ ಬೇಡ ಅಂತ ಹೇಳಿ, ಕೇಳುತ್ತಾರೆ. ಹಾಲಿನ ಪುಡಿ ಬಾಟಲಿಯೂ ಅಷ್ಟೇ. ದಿನವಿಡೀ ಹಾಲು ಕುಡಿದ ಮಗುವಿಗೆ ಹಸಿವೇ ಇರುವುದಿಲ್ಲ, ಹಾಲಿನಲ್ಲಿ ಕಬ್ಬಿಣವೂ ತೀರಾ ಕಮ್ಮಿ.

ತರಕಾರಿ, ಸೊಪ್ಪು ಹಡಗಿನಲ್ಲಿ ಬರಬೇಕು, ದುಬಾರಿ ಅನ್ನೋದು ನಿಜ. ಆದರೆ ನುಗ್ಗೆ ಮರ ಅಲ್ಲೂ ಬೆಳೆಯುತ್ತದೆ. ಪಪ್ಪಾಯಿ ಇದೆ, ನಿಂಬೆ ಇದೆ. ಮೀನು, ಸೊಪ್ಪಿನ ಜೊತೆ ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಹತ್ತುತ್ತದೆ. ಅಂಗಡಿಯ ಫ್ರೀಜರಿನಲ್ಲಿ ಕೋಳಿ ಲಿವರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವಾರಕ್ಕೊಮ್ಮೆ ಚೂರು ಸಾಕು. ಮೊಟ್ಟೆಗಂತೂ ನಮ್ಮ ದೇಶವೇ ದಾರಿ. 2024–25ಕ್ಕೆ 42 ಕೋಟಿಗೂ ಜಾಸ್ತಿ ಮೊಟ್ಟೆ ಅಲ್ಲಿಗೆ ಕಳಿಸಲು ಭಾರತ ಅನುಮತಿ ಕೊಟ್ಟಿತ್ತು. ಮೊಟ್ಟೆ ಒಳ್ಳೆಯದೇ, ಕೊಡಲಿ, ಆದರೆ ಅದರ ಕಬ್ಬಿಣ ಮೈಗೆ ಹತ್ತುವುದು ಕಮ್ಮಿ. ದಿನಾ ಮೊಟ್ಟೆ ಕೊಡ್ತೀವಿ ಅಂದ ಕೂಡಲೇ ನೀವು ನೆಮ್ಮದಿಯಾಗಬೇಡಿ.

ಬರೀ ಊಟದ ಮಾತು ಹೇಳಿ ಕಳಿಸಿದರೆ ಸಾಕಾ? ಸಾಲದು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಊಟದ ಉಪದೇಶ ನಮಗೆಲ್ಲ ಸುಲಭ. ಊಟದ ಕಬ್ಬಿಣದಲ್ಲಿ ನೂರಕ್ಕೆ ಹತ್ತರಷ್ಟು ಮೈಗೆ ಹತ್ತುತ್ತದೆ ಅಂತ ಹಿಡಿದರೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ಸುಮಾರು 9 ಮಿಲಿಗ್ರಾಂ ಬೇಕು. ದೊಡ್ಡ ಗಂಡಸಿಗೆ ಬೇಕಾಗುವುದು ಹತ್ತಿರ ಹತ್ತಿರ 14. ಅವನು ಎಷ್ಟು ತಿನ್ನುತ್ತಾನೆ, ಇದು ಎಷ್ಟು ತಿನ್ನುತ್ತದೆ! ನೂರು ಗ್ರಾಂ ಟ್ಯೂನಾದಲ್ಲಿ ಇರುವುದು ಒಂದು ಮಿಲಿಗ್ರಾಂ ಚಿಲ್ಲರೆ. ಮೀನಿನ ಕಬ್ಬಿಣ ಹತ್ತಕ್ಕಿಂತ ಚೆನ್ನಾಗಿಯೇ ಹತ್ತುತ್ತದೆ, ಆದರೂ ಎರಡು ಚಮಚ ಮೀನಿನಿಂದ ಗುಂಡಿ ತುಂಬುವುದಿಲ್ಲ. ಹುಟ್ಟುವಾಗ ಅಮ್ಮನಿಂದ ತಂದ ಕಬ್ಬಿಣದ ಗಂಟು ಆರು ತಿಂಗಳಿಗೆ ಕರಗಿಹೋಗುತ್ತದೆ. ಹೆಂಗಸರಲ್ಲೇ ನೂರಕ್ಕೆ 63 ಜನರ ರಕ್ತ ಕಮ್ಮಿ ಇರುವ ಕಡೆ ಆ ಗಂಟೂ ಸಣ್ಣದು. ಹೆರಿಗೆ ಕೋಣೆಯಲ್ಲಿರುವ ನರ್ಸ್‌ಗಳು ಒಂದು ಕೆಲಸ ಮಾಡಬಹುದು. ಹೊಕ್ಕುಳ ಬಳ್ಳಿ ಕತ್ತರಿಸುವ ಮುಂಚೆ ಒಂದರಿಂದ ಮೂರು ನಿಮಿಷ ಕಾಯಿರಿ. ಅಷ್ಟರಲ್ಲಿ ಇಳಿಯುವ ರಕ್ತ ಆ ಮಗುವಿನ ಮೊದಲ ಆರು ತಿಂಗಳ ಕಬ್ಬಿಣ.

ರಕ್ತಹೀನತೆ ಶೇಕಡಾ 40 ದಾಟಿದ ಕಡೆ 6ರಿಂದ 23 ತಿಂಗಳ ಮಕ್ಕಳಿಗೆಲ್ಲ ದಿನಕ್ಕೆ 10ರಿಂದ 12.5 ಮಿಲಿಗ್ರಾಂ ಕಬ್ಬಿಣ, ವರ್ಷದಲ್ಲಿ ಸತತ ಮೂರು ತಿಂಗಳು ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ರಕ್ತ ನೋಡಿದ ಮೇಲಷ್ಟೇ ಅಲ್ಲ, ಮುಂಚೆಯೇ. ಈ ಮಾತನ್ನು ನಿಮ್ಮ ಹೆಲ್ತ್ ಸೆಂಟರಿನ ಮೀಟಿಂಗಿನಲ್ಲಿ ಎತ್ತಿ. ತಲಸ್ಸೀಮಿಯಾ ಮೇಜರ್ ಮಕ್ಕಳ ಹೆಸರು ಹೇಗೂ ದಾಖಲೆಯಲ್ಲಿ ಇರುತ್ತದೆ, ಅವರನ್ನು ಬಿಟ್ಟು ಕೊಡಿ. ಜನ ಬರುವುದಿಲ್ಲ ಅನ್ನೋ ನೆಪ ಆ ದೇಶದಲ್ಲಿ ನಡೆಯಲ್ಲ. ಚುಚ್ಚುಮದ್ದಿಗೆ ಅಮ್ಮಂದಿರು ತಪ್ಪದೆ ಬರುತ್ತಾರೆ. ಒಂಬತ್ತು ತಿಂಗಳಿಗೆ ದಡಾರದ ಸೂಜಿಗೆ ಬಂದ ಮಗುವನ್ನು ಸುಮ್ನೆ ಸೂಜಿ ಚುಚ್ಚಿ ಕಳಿಸಬೇಡಿ. ಅದೇ ಟೇಬಲ್ಲಿನಲ್ಲಿ ಹಿಮೋಗ್ಲೋಬಿನ್ ನೋಡಬಹುದು, ಏನು ತಿನ್ನಿಸುತ್ತಿದ್ದೀರಿ ಅಂತ ಕೇಳಬಹುದು.

ಸಿರಪ್ ಬರೆದು ಕೊಟ್ಟರೆ ಅರ್ಧ ಬಾಟಲಿಗೆ ನಿಲ್ಲಿಸುತ್ತಾರೆ. ನೀವೂ ನೋಡಿರುತ್ತೀರಿ. ಮಲ ಕಪ್ಪಾಯಿತು ಅಂತ ಹೆದರುತ್ತಾರೆ, ಹಲ್ಲು ಕಪ್ಪಾಯಿತು ಅಂತ ಬೇಜಾರಾಗುತ್ತಾರೆ. ಮಲ ಕಪ್ಪಾಗುತ್ತದೆ, ಏನೂ ಆಗಲ್ಲ ಅಂತ ಮೊದಲೇ ಹೇಳಿಬಿಡಿ. ಡ್ರಾಪರನ್ನು ನಾಲಿಗೆಯ ಹಿಂದಕ್ಕೆ ಇಟ್ಟು ಬಿಡಿ, ಆಮೇಲೆ ಎರಡು ಚಮಚ ನೀರು ಕುಡಿಸಿ. ಬಾಟಲಿ ಮಗುವಿನ ಕೈಗೆ ಸಿಗದ ಕಡೆ ಇಡಿಸಿ, ಒಟ್ಟಿಗೆ ಕುಡಿದರೆ ಜೀವಕ್ಕೇ ಅಪಾಯ. ಒಂದು ತಿಂಗಳು ಬಿಟ್ಟು ಮತ್ತೆ ರಕ್ತ ನೋಡಿ. ಒಂದು ಗ್ರಾಂ ಏರಿದ್ದರೆ ಕಬ್ಬಿಣವೇ ಕಮ್ಮಿ ಇತ್ತು ಅಂತ ಅರ್ಥ, ಇನ್ನು ಎರಡು ಮೂರು ತಿಂಗಳು ಮುಂದುವರಿಸಿ. ಸರಿಯಾಗಿ ಕುಡಿಸಿದರೂ ಏರಲಿಲ್ಲವೋ, ಆಗ ತಲಸ್ಸೀಮಿಯಾ ಪರೀಕ್ಷೆಗೆ ಮಾಲೆಗೆ ಕಳಿಸಿ. ಕಾರಣ ಬೇರೆಯೂ ಇರಬಹುದು, ಅದನ್ನೂ ಅಲ್ಲೇ ನೋಡುತ್ತಾರೆ. ‘ಇಲ್ಲಿ ಎಲ್ಲರಿಗೂ ಇರುತ್ತೆ’ ಅನ್ನೋ ಮಾತಿಗಿಂತ ಈ ಒಂದು ತಿಂಗಳ ಪರೀಕ್ಷೆ ಮೇಲು.

ಮೇಷ್ಟ್ರೇ, ಟೀಚರಮ್ಮಂದಿರೇ, ನಿಮ್ಮ ಹತ್ತಿರ ಬರುವ ಹೊತ್ತಿಗೆ ಮಗುವಿಗೆ ಮೂರು ನಾಲ್ಕು ವರ್ಷ. ಬೆಂಚಿನ ಮೂಲೆಯಲ್ಲಿ ಸಪ್ಪಗೆ ಕೂರುವ ಮಗು, ಓಡಿದರೆ ಬೇಗ ಏದುಸಿರು ಬಿಡುವ ಮಗು, ಮಣ್ಣು, ಸೀಮೆಸುಣ್ಣ ತಿನ್ನುವ ಮಗು ನಿಮಗೆ ಕಾಣಿಸುತ್ತದೆ. ದಡ್ಡ, ಸೋಮಾರಿ ಅಂತ ಬರೆಯುವ ಮುಂಚೆ ಹೆಲ್ತ್ ಸೆಂಟರಿಗೆ ಒಂದು ಚೀಟಿ ಕಳಿಸಿ. ಕೋಸ್ಟರಿಕಾದಲ್ಲಿ ಕೂಸಾಗಿದ್ದಾಗ ಕಬ್ಬಿಣದ ತೀವ್ರ ಕೊರತೆ ಇದ್ದ ಮಕ್ಕಳನ್ನು 19 ವರ್ಷ ತುಂಬುವವರೆಗೂ ಗಮನಿಸಿದ್ದರು. ರಕ್ತ ಎಂದೋ ಸರಿಯಾಗಿತ್ತು. ಕಲಿಕೆಯ ಪರೀಕ್ಷೆಗಳಲ್ಲಿ ಮಾತ್ರ ಅವರು ಹಿಂದೆಯೇ ಉಳಿದಿದ್ದರು. ಅದಕ್ಕೇ ನಾನು ಮತ್ತೆ ಮತ್ತೆ ಎರಡು ವರ್ಷದೊಳಗಿನ ಮಕ್ಕಳ ಮಾತು ಎತ್ತುತ್ತಿರುವುದು. ನಿಮ್ಮ ಕ್ಲಾಸಿನ ಮಗುವಿಗೆ ಚಿಕಿತ್ಸೆ ಬೇಕೇ ಬೇಕು. ಅದರ ಮನೆಯಲ್ಲಿ ಇನ್ನೊಂದು ಕೂಸು ಇದ್ದರೆ ಅದನ್ನೂ ಅಂದೇ ಕರೆತರಲು ಹೇಳಿ.

ಈ ಪತ್ರವನ್ನು ಅಲ್ಲಿನ ನಿಮ್ಮ ಗೆಳೆಯರ ಗುಂಪುಗಳಲ್ಲಿ ಹಂಚಿಕೊಳ್ಳಿ. ಮಲಯಾಳಿ, ತಮಿಳು ನರ್ಸ್‌ಗಳು ಅಲ್ಲಿ ನಮಗಿಂತ ಜಾಸ್ತಿ ಇದ್ದಾರೆ, ಅವರಿಗೂ ಬಾಯಲ್ಲಿ ಹೇಳಿ. ಮುಂದಿನ ಬಾರಿ ಹಿಮೋಗ್ಲೋಬಿನ್ 9.6 ಬಂದಾಗ ಚೀಟಿಯ ಹಿಂದೆ ಆ ಭಾಗಾಕಾರದ ಉತ್ತರ ಮತ್ತು ಮತ್ತೆ ರಕ್ತ ನೋಡಬೇಕಾದ ತಾರೀಖು, ಎರಡನ್ನೂ ಬರೆದು ಅಮ್ಮನ ಕೈಗೆ ಕೊಡಿ.

ಇಂತಿ,
ಉಡುಪಿ ಕಡೆಯ ಒಬ್ಬ ಲ್ಯಾಬ್ ಟೆಕ್ನಿಷಿಯನ್